ಕೂಸಿನ ಲಾಡಿಗೆ ಗಾದಿಯ ಗಂಟು

ಕೂಸು ಶಾಲೆಗೆ ತಯಾರಾಗಿಯೇ ಇತ್ತು. ತಯಾರಾಗದೆ ಇದ್ದದ್ದು ಅದರ ಚಡ್ಡಿ. ಖರೆ ನಡೆದದ್ದು ಇಷ್ಟೇ. ಇದರ ಸಲುವಾಗಿ ನಮ್ಮ ಮನೆಯಲ್ಲಿ ಜಗಳವಾಯಿತು, ಸೊಸೆ ಅತ್ತಳು, ಮಗ ಒಂದು ಹೊತ್ತಿನ ಊಟ ಬಿಟ್ಟ, ಮುಂಡರಗಿಯಿಂದ ಬೀಗರು ಬಸ್ಸು ಹತ್ತಿ ಬಂದರು. ಅಷ್ಟೂ ಜನರಲ್ಲಿ ಒಬ್ಬರಿಗೂ ಕೂಸಿನ ಸೊಂಟದ ಕಡೆ ನೋಡಬೇಕೆಂದು ಹೊಳೆಯಲಿಲ್ಲ.

ಆ ಕೂಸು ಈಗ ಕಾಲೇಜಿಗೆ ಹೋಗುತ್ತಾಳೆ. ಈ ಸಂಗತಿಯೊಂದನ್ನು ಬಿಟ್ಟು ಬೇರೆ ಏನಾದರೂ ಬರಿ ಎಂದು ಹಟ ಹಿಡಿದಿದ್ದಾಳೆ. ನಾನು ಇದನ್ನೇ ಬರೆಯುತ್ತೇನೆ. ಮೂರನೆಯ ಇಯತ್ತೆವರೆಗೆ ಕಲಿತವಳು ನಾನು. ಅಕ್ಷರ ದೊಡ್ಡ ದೊಡ್ಡದಾಗಿ ಬರುತ್ತವೆ, ಆದರೆ ಬರುತ್ತವೆ.

ನಮ್ಮದು ಲಕ್ಷ್ಮೇಶ್ವರ. ನಾವು ಪಿಂಜಾರರು, ಗಾದಿ ಮಾಡುವ ಮನೆತನ. ನಮ್ಮ ಮಾವನವರ ಕಾಲದಲ್ಲಿ ಬಿಲ್ಲಿನಂಥ ಕಮಾನು ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗಿ, ಮಂದಿಯ ಅಂಗಳದಲ್ಲೇ ಕೂತು ಅವರ ಹಳೆಯ ಅರಳೆ ಹಿಂಜಿಕೊಟ್ಟು ಬರುತ್ತಿದ್ದರು. ಮಗನ ಕಾಲಕ್ಕೆ ಕರೆಂಟಿನ ಮಶೀನು ಬಂತು. ಮನೆಯ ಮುಂದಿನ ಖೋಲಿಯೇ ಅಂಗಡಿ. ಮಗ ಮಶೀನಿನ ಬಾಯಿಗೆ ಹತ್ತಿ ಕೊಡುತ್ತಿದ್ದ, ಅದು ಹಿಂಜಿ ಆ ಕಡೆ ಉಗುಳುತ್ತಿತ್ತು. ನಾನೂ ಸೊಸೆಯೂ ಅದನ್ನು ಗವಸಿಗೆ ತುಂಬಿ ಹೊಲಿಯುತ್ತಿದ್ದೆವು.

ಗಾದಿ ಹೊಲಿಯುವುದರಲ್ಲಿ ಹೊಲಿಗೆಗಿಂತ ಗಂಟೇ ದೊಡ್ಡದು. ಒಳಗಿನ ಅರಳೆ ಜರುಗಬಾರದು ಎಂದರೆ ಗೇಣಿಗೊಂದು ಕಡೆ ದಬ್ಬಣ ಚುಚ್ಚಿ, ಹುರಿ ಎಳೆದು, ಸುತ್ತು ಹಾಕಿ ಬಿಗಿಯಬೇಕು. ಮೇಲೆ ಮನೆಯ ಮಕ್ಕಳೆಲ್ಲ ಕುಣಿದರೂ ಅದು ಬಿಚ್ಚಬಾರದು. ನಾನು ಹಾಕಿದ ಗಂಟು ಬಿಚ್ಚಿತೆಂದು ಗಾದಿ ಹೊತ್ತು ಮರಳಿ ಬಂದವರು ಈವರೆಗೆ ಯಾರೂ ಇಲ್ಲ. ಸೊಸೆಗೂ ಅದೇ ಗಂಟು ಕಲಿಸಿದ್ದೆ.

ಆಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಅದುವರೆಗೆ ನಮಗೆ ತಾಲೂಕಿನ ಕೆಲಸಕ್ಕೆ ಶಿರಹಟ್ಟಿ, ದೊಡ್ಡ ಕೆಲಸಕ್ಕೆ ಧಾರವಾಡ. ಜಿಲ್ಲೆ ಆದದ್ದರಿಂದ ಉಳಿದವರಿಗೆ ಏನು ಸಿಕ್ಕಿತೋ ಗೊತ್ತಿಲ್ಲ, ನಮಗಂತೂ ಗಾದಿಯ ಗಿರಾಕಿ ಸಿಕ್ಕಿದರು. ಬೇರೆ ಊರಿನಿಂದ ವರ್ಗವಾಗಿ ಬಂದ ನೌಕರರು ಗದಗಿನಲ್ಲಿ, ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತಿದ್ದರು. ಮನೆ ಹಿಡಿದವರಿಗೆ ಮೊದಲು ಬೇಕಾದದ್ದು ಮಲಗಲು ಗಾದಿ. ಅಲ್ಲಿನ ಅಂಗಡಿಯವರು ನಮಗೆ ಹೇಳಿ ಮಾಡಿಸುತ್ತಿದ್ದರು. ಮಶೀನು ಬೆಳಗಿನಿಂದ ಸಂಜೆಯವರೆಗೆ ಓಡತೊಡಗಿತು.

ಅದರ ಮಗ್ಗುಲಲ್ಲೇ ಈ ಕೂಸು ಬೆಳೆಯಿತು. ಅರಳೆಯ ರಾಶಿಯೇ ಅದರ ತೊಟ್ಟಿಲು, ಅರಳೆಯೇ ಆಟಿಕೆ. ಸಂಜೆಗೆ ಎತ್ತಿಕೊಂಡರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಮುದುಕಿಯ ಹಾಗೆ ಕಾಣುತ್ತಿತ್ತು. ಆಗ ಅದಕ್ಕೆ ಮೂರು ತುಂಬಿ ನಾಲ್ಕರ ಕಡೆಗೆ ನಡೆದಿತ್ತು. ಕೆಮ್ಮು ಹಿಡಿಯಿತು. ಮೊದಲು ಶೀತದ ಕೆಮ್ಮು ಎಂದುಕೊಂಡೆವು. ಆಮೇಲೆ ಉಸಿರು ಎಳೆದಾಗ ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸಪ್ಪಳ ಬರತೊಡಗಿತು. ಗದಗಿಗೆ ಒಯ್ದು ದವಾಖಾನೆಯಲ್ಲಿ ತೋರಿಸಿದೆವು. ಡಾಕ್ಟರು ಎದೆಗೆ ನಳಿಗೆ ಹಚ್ಚಿ ಕೇಳಿ, ನಮ್ಮ ಮೂವರನ್ನೂ ನೋಡಿದರು. ಮಗನ ಕೂದಲಿನಲ್ಲಿ ಅರಳೆ, ನನ್ನ ಸೆರಗಿನಲ್ಲಿ ಅರಳೆ.

"ಕೂಸಿನ್ನರ ಅರಳಿಯಿಂದ ದೂರ ಇಡ್ರಿ, ಇಲ್ಲಾಂದ್ರ ಅರಳಿನರ ಕೂಸಿನಿಂದ ದೂರ ಇಡ್ರಿ," ಎಂದರು. "ಔಷಧ ಬರದ್ ಕೊಡ್ತೀನಿ. ಆದ್ರ ಔಷಧ ಕುಡಿಸಿ ಮತ್ತ ಅದ ಧೂಳಿನ್ಯಾಗ ಕುಂದ್ರಿಸಿದ್ರ ಏನೂ ಆಗಂಗಿಲ್ಲ."

ಬಸ್ಸಿನಲ್ಲಿ ಬರುವಾಗಲೇ ಮಗ ತೀರ್ಮಾನ ಮಾಡಿಬಿಟ್ಟ. "ಮುಂಡರಗಿಗೆ ಬಿಟ್ಟು ಬರೋಣು. ಅಲ್ಲಿ ಅಜ್ಜ ಅದಾನ, ಅಜ್ಜಿ ಅದಾಳ. ಹೊಲದ ಗಾಳಿ. ದೊಡ್ಡಾಕಿ ಆದ ಮ್ಯಾಲ ಕರ್ಕೊಂಡ್ ಬಂದ್ರಾತು."

ಸೊಸೆ ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಮುಂಡರಗಿ ಅವಳ ತವರು. ಕೂಸನ್ನು ಬಿಟ್ಟಿರುವುದು ಅವಳಿಗೆ ಬೇಡ, ಆದರೆ ಬಿಡಲೇಬೇಕೆಂದರೆ ತನ್ನ ತಾಯಿಯ ಹತ್ತಿರ ಬಿಡುವುದು ಅವಳಿಗೆ ಮೇಲು. ಅದು ನನಗೆ ತಿಳಿಯದ್ದೇನಲ್ಲ. ನನಗೆ ಅದು ಆಗುವುದಿಲ್ಲ ಎಂದು ನಾನು ಅಲ್ಲೇ ಹೇಳಿದೆ. ಬೀಗರು ಒಳ್ಳೆಯವರು, ಕೂಸಿಗೆ ನಮಗಿಂತ ಹೆಚ್ಚು ಹಾಲು ಕುಡಿಸುತ್ತಾರೆ. ಆದರೆ ಮೂರು ವರ್ಷಕ್ಕೆ ಹೋದದ್ದು ಏಳೆಂಟು ವರ್ಷಕ್ಕೆ ಬಂದರೆ ಅದು ನಮ್ಮ ಮನೆಗೆ ಹಬ್ಬಕ್ಕೆ ಬಂದ ಹುಡುಗಿಯಾಗಿರುತ್ತದೆ. ನೀರಿನ ಚರಿಗೆ ಎಲ್ಲಿದೆ ಎಂದು ಕೇಳಿ ಕುಡಿಯುತ್ತದೆ. ಹಾಗೆ ಆದವರನ್ನು ನಾನು ನೋಡಿದ್ದೇನೆ.

"ಹಂಗಾರ ಮಶೀನ್ ಮಾರ್ಲೇನು?" ಎಂದ ಮಗ.

"ಮಶೀನ್ ಮಾರಬ್ಯಾಡ. ಕೂಸಿನ್ನ ಶಾಲಿಗೆ ಹಾಕು."

ಬಸ್ಸಿನಲ್ಲಿ ಮುಂದಿನ ಸೀಟಿನವರೂ ತಿರುಗಿ ನೋಡಿದರು. ಸೊಸೆಗೆ ಈಗ ಬಾಯಿ ಬಂತು. "ಅತ್ತಿ, ಇನ್ನಾ ಮೊಲಿ ಬಿಟ್ಟು ವರ್ಷ ಆಗಿಲ್ಲ ಅದಕ್ಕ! ಶಾಲ್ಯಾಗ ಏನ್ ಮಾಡ್ತೈತ್ರಿ?"

"ಏನೂ ಮಾಡೂದು ಬ್ಯಾಡ. ಕುಂತು ಉಸರಾಡ್ಲಿ, ಸಾಕು."

ನನ್ನ ಲೆಕ್ಕ ಸರಳವಾಗಿತ್ತು. ಬಜಾರದ ಆಚೆ ಹೊಸದಾಗಿ ಒಂದು ಕೆ.ಜಿ. ಶಾಲೆ ತೆಗೆದಿದ್ದರು. ಹತ್ತಕ್ಕೆ ಒಳಗೆ, ಒಂದಕ್ಕೆ ಹೊರಗೆ. ಆ ಹೊತ್ತಿನಲ್ಲಿ ಮಶೀನು ಓಡಲಿ, ಕೂಸು ಬರುವುದರೊಳಗೆ ನಿಲ್ಲಲಿ, ನೆಲಕ್ಕೆ ನೀರು ಹೊಡೆಯೋಣ. ಹೊಲಿಗೆ ಮಧ್ಯಾಹ್ನದ ಮೇಲೆ. ನಮ್ಮ ಓಣಿಯಲ್ಲೇ ಅಂಗನವಾಡಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಅದಕ್ಕೂ ನಮ್ಮ ಅಂಗಡಿಗೂ ನಡುವೆ ಒಂದೇ ಗೋಡೆ. ನಮ್ಮ ಅರಳೆ ಹಾರಿ ಅಲ್ಲಿನ ಉಪ್ಪಿಟ್ಟಿನ ಮೇಲೂ ಕೂಡುತ್ತಿತ್ತು, ಅಲ್ಲಿನ ಅಕ್ಕೋರು ದಿನಾ ಬಂದು ಬೈದು ಹೋಗುತ್ತಿದ್ದರು. ಅಲ್ಲಿಗೆ ಹಾಕಿದರೆ ಏನು ಉಪಯೋಗ?

ಕೂಸು ಶಾಲೆಗೆ ಹೋಗುತ್ತದೆಂದು ಓಣಿಯಲ್ಲಿ ಗೊತ್ತಾದದ್ದೇ ತಡ, ಹೆಂಗಸರೆಲ್ಲ ಪರೀಕ್ಷೆ ಮಾಡಲು ಬಂದರು. ನಮ್ಮ ಕಡೆ ಒಂದು ಪದ್ಧತಿ ಉಂಟು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಯ ವಯಸ್ಸಾಯಿತು ಎಂದು ಲೆಕ್ಕ. ಕೂಸನ್ನು ಕಟ್ಟೆಯ ಮೇಲೆ ನಿಲ್ಲಿಸಿ ಕೈ ತಿರುವಿದ್ದೇ ತಿರುವಿದ್ದು. ಬೆರಳು ನೆತ್ತಿಯ ಹತ್ತಿರವೇ ನಿಂತಿತು. ಒಬ್ಬಳು ಕಿವಿಯನ್ನೇ ಹಿಡಿದು ಮೇಲಕ್ಕೆ ಎಳೆದಳು. ಕೂಸು ಅವಳ ಕೈ ಕಚ್ಚಿತು.

"ಆಗಿಲ್ರೀ ಇದಕ್ಕ ವಯಸ್ಸು," ಎಂದಳು ಆಕೆ ಕೈ ಒರೆಸಿಕೊಳ್ಳುತ್ತ.

"ಹಲ್ಲಿಗೆ ಆಗೈತಲ್ಲ," ಎಂದೆ.

ಸೊಸೆಗೆ ಆ ಕಿವಿಯ ಪರೀಕ್ಷೆಯೇ ದೊಡ್ಡ ಸಾಕ್ಷಿಯಾಯಿತು. ನಾನು ಆ ಮಾತಿಗೆ ಬೆಲೆ ಕೊಡಲಿಲ್ಲ. ಮರುದಿನ ಕೂಸಿನ ಕೈ ಹಿಡಿದುಕೊಂಡು ನೆಟ್ಟಗೆ ಶಾಲೆಗೆ ಹೋದೆ.

ಶಾಲೆ ಎಂದರೆ ಎರಡು ಖೋಲಿ, ಒಂದು ಅಂಗಳ, ಒಬ್ಬರು ಅಕ್ಕೋರು, ಒಬ್ಬಳು ಆಯಾ. ಅಕ್ಕೋರು ವಯಸ್ಸಿನಲ್ಲಿ ಸಣ್ಣವರು, ಮಾತು ಮೆತ್ತಗೆ. ಕಿವಿಯ ಸಂಗತಿ ಹೇಳಿದಾಗ ನಕ್ಕರು.

"ಅದು ಒಂದನೇತ್ತಾಗ ಹಾಕೂವಾಗ ನೋಡೂದ್ರಿ, ಅಮ್ಮಾರ. ನಾನು ಅದನ್ನ ನೋಡಂಗಿಲ್ಲ. ನಮಗ ಬೇಕಾಗೂದು ಬ್ಯಾರೆ. ತಾಯಿನ್ನ ಬಿಟ್ಟ ಇರ್ತಾಳೇನ್ರಿ?"

"ಇರ್ತಾಳ."

"ತನ್ನ ಕೈಲೆ ತಿಂತಾಳೇನ್ರಿ?"

"ಬ್ಯಾರೇರದ್ದೂ ತಿಂತಾಳ."

"ಒಂದಕ್ಕ ಬಂದ್ರ ಹೇಳ್ತಾಳೇನ್ರಿ? ಅದು ಭಾಳ ಮುಖ್ಯ. ನಾ ಒಬ್ಬಾಕಿ, ಆಯಾ ಒಬ್ಬಾಕಿ. ಚಡ್ಡಿ ಬದಲಸ್ಕೊಂತ ಕುಂತ್ರ ಉಳಿದ ಹುಡುಗ್ರನ್ನ ಯಾರು ನೋಡೂರು?"

"ಹೇಳ್ತಾಳ್ರಿ. ಮನ್ಯಾಗ ಹೇಳಲಾರದ ಎಂದೂ ಹೊಯ್ಕೊಂಡಿಲ್ಲ."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಆತ್ರಿ. ಸ್ವಲ್ಪ ದಿನ ನೋಡೋಣು," ಎಂದರು ಅಕ್ಕೋರು.

ಸೋಮವಾರ ಕಳಿಸಿದೆವು. ಅಳುತ್ತದೆ ಎಂದು ಸೊಸೆ ಶಾಲೆಯ ಹಿಂದಿನ ಬೀದಿಯವರೆಗೂ ಬಂದು ಮರೆಯಲ್ಲಿ ನಿಂತಿದ್ದಳು. ಕೂಸು ಅಳಲಿಲ್ಲ. ಒಳಗೆ ಹೋಗಿ, ಇನ್ನೊಬ್ಬ ಹುಡುಗನ ಮುಂದಿದ್ದ ಮರದ ಕುದುರೆಯನ್ನು ಎಳೆದುಕೊಂಡು ಕೂತಿತು. ಅತ್ತದ್ದು ಸೊಸೆ.

ಮಧ್ಯಾಹ್ನ ಆಯಾ ಕರೆತಂದಳು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಒದ್ದೆ ಚಡ್ಡಿ. "ಹೊಸದಲ್ರೀ, ಆಗ್ತೈತಿ," ಎಂದಳು. ಮಂಗಳವಾರವೂ ಒದ್ದೆ ಚಡ್ಡಿ. ಈ ಸಲ ಆಯಾ "ಆಗ್ತೈತಿ" ಎನ್ನಲಿಲ್ಲ. ಬುಧವಾರ ಅಕ್ಕೋರೇ ಆಯಾನ ಜೊತೆ ಬಂದರು. ಅಂಗಡಿಯ ಹೊರಗೆ ಸೆರಗು ಮೂಗಿಗೆ ಹಿಡಿದು ನಿಂತು ಹೇಳಿದರು: "ಅಮ್ಮಾರ, ಕೂಸು ಶ್ಯಾಣೇದೈತ್ರಿ. ಹಾಡು ಆಗಲೇ ಅರ್ಧ ಬರ್ತೈತಿ. ಆದ್ರ ಇನ್ನಾ ತಯಾರಿಲ್ಲ. ದಿನಾ ಹೊಯ್ಕೊಂಡು, ಉಳಿದ ಹುಡುಗ್ರು ನಕ್ರ ಗೋಡಿ ಕಡೆ ಮುಖ ಮಾಡ್ಕೊಂಡು ಕುಂದರ್ತೈತಿ. ನನಗ ನೋಡಾಕಾಗವಲ್ದು. ಬರೂ ವರ್ಷ ಕರ್ಕೊಂಡ್ ಬರ್ರಿ, ಜಾಗಾ ಇಟ್ಟಿರ್ತೀನಿ."

ಅಂಥವರನ್ನು ಬೈಯಲೂ ಬರುವುದಿಲ್ಲ. ಬಿರುಸು ಮಾತಾಡಿದ್ದರೆ ನನಗೂ ಅನುಕೂಲವಿತ್ತು.

ಅವರು ಹೋದ ಮೇಲೆ ಮನೆಯಲ್ಲಿ ಜಗಳ ಹತ್ತಿತು. ಮಗ, "ನಾ ಮೊದ್ಲ ಹೇಳಿದ್ನೆಲ್ಲ," ಎಂದ. ಸೊಸೆ, "ಗ್ವಾಡಿ ಕಡೆ ಮುಖ ಮಾಡ್ಕೊಂಡು ಕುಂದರ್ತೈತಂತ್ರಿ," ಎಂದು ಅದನ್ನೇ ಹೇಳುತ್ತ ಕಣ್ಣು ಒರೆಸಿಕೊಂಡಳು. ಮಗ ಉಣ್ಣದೆ ಎದ್ದು ಹೋಗಿ ಬೂತಿನಿಂದ ಮುಂಡರಗಿಗೆ ಫೋನು ಹಚ್ಚಿದ. ಬೀಗರ ಮನೆಯಲ್ಲಿ ಫೋನು ಇರಲಿಲ್ಲ, ಮಗ್ಗುಲಿನ ಕಿರಾಣಿ ಅಂಗಡಿಗೆ ಹೇಳಿದರೆ ಅವರಿಗೆ ಮುಟ್ಟುತ್ತಿತ್ತು. ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಸಂಜೆಯೊಳಗೆ ತಿರುಗಿ ಖಬರು ಬಂತು. ಸೊಸೆ ಕೂಸಿನ ಅರಿವೆಗಳನ್ನು ಒಗೆದು ಮಡಿಚಿ ಒಂದು ಚೀಲದಲ್ಲಿ ಇಡತೊಡಗಿದಳು.

ನಾನು ಕೂಸನ್ನು ಮುಂದೆ ಕೂರಿಸಿಕೊಂಡು ಕೇಳಿದೆ. ಅದು ಸೊಸೆಯನ್ನು ಅವ್ವ ಎನ್ನುತ್ತಿತ್ತು, ನನ್ನನ್ನು ಅಮ್ಮ.

"ಯಾಕಲೇ, ಒಂದಕ್ಕ ಬಂದ್ರ ಹೇಳಾಕ ಏನ್ ಧಾಡಿ ನಿನಗ?"

"ಹೇಳೀನಿ."

"ಯಾರಿಗೆ?"

"ಅಕ್ಕೋರಿಗೆ."

"ಅಕ್ಕೋರು ಏನಂದ್ರು?"

"ಹೋಗಿ ಕುಂದ್ರು ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಕೂಸು ಹೇಳುತ್ತದೆ, ಇವರು ಹೋಗಿ ಕೂತುಕೋ ಎನ್ನುತ್ತಾರೆ, ಮೇಲೆ ಬಂದು ತಯಾರಿಲ್ಲ ಎನ್ನುತ್ತಾರೆ! ಗುರುವಾರ ಒಂದು ದಿನ ಕೂಸು ಶಾಲೆಗೆ ಹೋಗಲಿ, ಪಾಟಿ ಚಾಪೆ ಅಲ್ಲೇ ಇವೆ, ನಾನೇ ಹೋಗಿ ತರುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಖರೆ ಹೇಳಬೇಕೆಂದರೆ ಜಗಳ ಮಾಡುವ ಸಲುವಾಗಿಯೇ ಹೊರಟಿದ್ದೆ.

ಹನ್ನೊಂದರ ಸುಮಾರಿಗೆ ಹೋದೆ. ಒಳಗೆ ಹಾಡು ನಡೆದಿತ್ತು. ಹಾಡು ಮುಗಿಯಲಿ ಎಂದು ಕಿಟಕಿಯ ಹೊರಗೆ ನಿಂತೆ. ಹಾಡಿನ ನಡುವೆಯೇ ನಮ್ಮ ಕೂಸು ಎದ್ದಿತು. ನೆಟ್ಟಗೆ ಅಕ್ಕೋರ ಮುಂದೆ ಹೋಯಿತು. ಎರಡೂ ಕೈಯಿಂದ ಫ್ರಾಕು ಬದಿಗೆ ಹಿಡಿದು, ಗದ್ದ ಮೇಲೆ ಮಾಡಿ, ಹೊಟ್ಟೆ ಮುಂದೆ ತಂದು ನಿಂತಿತು. ಬಾಯಿ ಬಿಡಲಿಲ್ಲ. ಸುಮ್ಮನೆ ನಿಂತಿತು.

ಅಕ್ಕೋರು ಹಾಡು ನಿಲ್ಲಿಸಿ ಅದರ ಗಲ್ಲ ಮುಟ್ಟಿದರು. "ಫ್ರಾಕ್ ಭಾಳ ಚಲೋ ಐತವ್ವಾ! ಅಮ್ಮ ಹೊಲದಾಳೇನು? ನಿನ್ನೆ ತೋರಿಸಿದ್ದೆಲ್ಲ, ದಿನಾ ತೋರಸ್ತೀಯೇನು? ಆತು, ಹೋಗು, ಹೋಗಿ ಕುಂದ್ರು."

ಆಗ ನನಗೆ ತಿಳಿಯಿತು. ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತುಬಿಟ್ಟೆ.

ನಮ್ಮ ಮನೆಯಲ್ಲಿ ಕೂಸಿನ ಎಲ್ಲ ಅರಿವೆ ನಾನೇ ಹೊಲಿಯುತ್ತಿದ್ದೆ. ಗವಸಿನ ಬಟ್ಟೆಯಲ್ಲಿ ಉಳಿದ ತುಂಡಿನಿಂದ ಲಾಡಿ ಚಡ್ಡಿ. ಬೆಳಿಗ್ಗೆ ನಾನೋ ಸೊಸೆಯೋ ಲಾಡಿ ಕಟ್ಟುತ್ತಿದ್ದೆವು. ನಮ್ಮ ಬೆರಳಿಗೆ ಬರುವುದು ಒಂದೇ ಗಂಟು. ಕೂಸಿಗೆ ಒಂದಕ್ಕೆ ಬಂದರೆ ಅದು ಹತ್ತಿರ ಇದ್ದವರ ಮುಂದೆ ಬಂದು ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತಿತ್ತು. ನಾವು ಕೈಯಲ್ಲಿದ್ದ ದಬ್ಬಣದ ತುದಿಯಿಂದ ಗಂಟು ಸಡಿಲಿಸುತ್ತಿದ್ದೆವು. ದಬ್ಬಣ ಇಲ್ಲದಿದ್ದರೆ ಹಲ್ಲಿನಿಂದ. ಗಿರಾಕಿಯ ಜೊತೆ ಮಾತು ನಿಲ್ಲಿಸುತ್ತಿರಲಿಲ್ಲ, ಕೂಸಿನ ಮುಖವನ್ನೂ ನೋಡುತ್ತಿರಲಿಲ್ಲ. ಕೂಸು ಹಿತ್ತಲಿಗೆ ಓಡುತ್ತಿತ್ತು, ತಿರುಗಿ ಬರುತ್ತಿತ್ತು, ತಿರುಗಿ ಕಟ್ಟುತ್ತಿದ್ದೆವು. ಇದಕ್ಕೆ ಮಾತು ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಆ ಕೂಸಿನ ಲೆಕ್ಕದಲ್ಲಿ ಹೇಳುವುದೆಂದರೆ ಅದೇ. ಅದು ಹೇಳಿತ್ತು. ದಿನಾ ಹೇಳಿತ್ತು. ಮೇಲಾಗಿ ಶಾಲೆಗೆ ಹೋಗುವ ದಿನ, ನಾಲ್ಕು ಮಂದಿಯ ಮುಂದೆ ಚಡ್ಡಿ ಜಾರಬಾರದು ಎಂದು ಸೊಸೆ ಮೇಲೊಂದು ಸುತ್ತು ಹೆಚ್ಚು ಬಿಗಿಯುತ್ತಿದ್ದಳು.

ಕೂಸು ಅಕ್ಕೋರನ್ನು ಬಿಟ್ಟು ಬಾಗಿಲಲ್ಲಿ ಕೂತಿದ್ದ ಆಯಾನ ಹತ್ತಿರ ಹೋಯಿತು. ಅಲ್ಲಿಯೂ ಹೊಟ್ಟೆ ಮುಂದೆ. ಆದರೆ ಈಗ ಕಾಲು ಒಂದಕ್ಕೊಂದು ಒತ್ತಿಕೊಂಡಿತ್ತು. ಆಯಾ ಬೆರಕಿ, ಚುರುಕಿನವಳು, ತಿಳಿದುಕೊಂಡಳು. ಗಂಟಿಗೆ ಕೈ ಹಾಕಿದಳು. ಎಳೆದಳು, ಉಗುರು ತೂರಿಸಿದಳು.

"ಇದೇನವ್ವಾ ಇದು! ಜ್ವಾಳದ ಚೀಲ ಕಟ್ಟಿದಂಗ ಕಟ್ಯಾರ! ಒದ್ದಿ ಆದ ಮ್ಯಾಲ ದಿನಾ ಹಂಗ ಜಗ್ಗಿ ಕಳದೀನಿ, ಬಿಚ್ಚಾಕ ಬರವಲ್ದು! ತಡಿ, ತಡಿ, ಸ್ವಲ್ಪ ತಡಿಯವ್ವಾ..."

ಅದು ಎಷ್ಟು ತಡೆದೀತು? ನಾನು ಒಳಗೆ ಹೋಗುವುದರೊಳಗೆ ಆಗಿಹೋಗಿತ್ತು. ಕೂಸು ಗೋಡೆಯ ಕಡೆಗೆ ತಿರುಗುತ್ತಿತ್ತು. ನಾನು ಎತ್ತಿಕೊಂಡು ಅಂಗಳಕ್ಕೆ ತಂದೆ. ಒದ್ದೆಯಾದ ಗಂಟು ನನ್ನ ಉಗುರಿಗೂ ಬಿಚ್ಚಲಿಲ್ಲ. ಬಾಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಅಕ್ಕೋರು ಬಾಯಿಗೆ ಕೈ ಹಚ್ಚಿ ನೋಡುತ್ತ ನಿಂತಿದ್ದರು.

"ಅಕ್ಕೋರ, ಕೂಸು ನಿಮಗ ಹೇಳಿತ್ರಿ," ಎಂದೆ. "ಅದು ಫ್ರಾಕ್ ತೋರಸಿದ್ದಲ್ಲ. ಗಂಟು ಬಿಚ್ರಿ ಅಂದದ್ದು."

ಅವರಿಗೆ ಮೊದಲು ತಿಳಿಯಲಿಲ್ಲ. ನಾನು ಮನೆಯಲ್ಲಿ ನಡೆಯುವುದನ್ನು ಹೇಳಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅಯ್ಯ! ದಿನಾ ಬಂದು ನಿಂದರ್ತಿತ್ರಿ. ನಾ ಹುಚ್ಚಿ, ಫ್ರಾಕ್ ಹೊಗಳಿ ಹೊಗಳಿ ಕಳಸ್ತಿದ್ನಿ!" ಎಂದು ನಗತೊಡಗಿದರು. ಆಯಾ ನಕ್ಕಳು. ಕೂಸು ಇಬ್ಬರನ್ನೂ ದುರುಗುಟ್ಟಿ ನೋಡಿತು.

ಜಗಳಕ್ಕೆ ಹೋದವಳು ನಾನು ಕೈ ಜೋಡಿಸಿ ಕೇಳಿಕೊಂಡೆ. "ಇನ್ನೊಂದ್ ದಿನ ನೋಡ್ರಿ. ನಾಳೆ ಅದರ ಅಜ್ಜ ಬಂದು ಮುಂಡರಗಿಗೆ ಕರ್ಕೊಂಡು ಹೊಂಟಾನ. ನೀವು ಇಟ್ಕೊಂಡ್ರ ನಮ್ಮ ಮನ್ಯಾಗ ಉಳೀತೈತಿ. ಇಲ್ಲಾಂದ್ರ ಹೋಗ್ತೈತಿ."

ಅಕ್ಕೋರು ನಗುವುದನ್ನು ನಿಲ್ಲಿಸಿದರು. "ನಾಳೆ ಕಳಸ್ರಿ. ಆದ್ರ ಬಾಯಿಲೆ ಹೇಳಬೇಕ್ರಿ, ತನ್ನ ಕೈಲೆ ಚಡ್ಡಿ ಕಳೀಬೇಕು. ಒಂದಿನದಾಗ ಬರ್ತೈತೇನ್ರಿ?"

"ಹಾಡು ಮೂರು ದಿನದಾಗ ಬಂದೈತಲ್ರಿ. ಇದು ಹಾಡಿಗಿಂತ ದೊಡ್ಡದೇನಲ್ಲ."

ಬರುವಾಗ ಬಳೆಗಾರನ ಅಂಗಡಿಯಲ್ಲಿ ಇಲಾಸ್ಟಿಕ್ ಕೊಂಡೆ. ಮನೆಗೆ ಬಂದು ಸೊಸೆ ಮಡಿಚಿಟ್ಟ ಚೀಲ ತಿರುವಿ ಎಲ್ಲ ಚಡ್ಡಿ ಹೊರಗೆ ಹಾಕಿದೆ. ಲಾಡಿ ಎಳೆದು ತೆಗೆದು ಇಲಾಸ್ಟಿಕ್ ತೂರಿಸಿದೆ. ಸೊಸೆಗೆ ನಡೆದದ್ದನ್ನು ಹೇಳಿದರೆ ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಮಗ, "ಬೀಗ್ರು ನಾಳೆ ಬರಾಕತ್ಯಾರವ್ವ, ಈಗ ಬ್ಯಾಡ ಅಂದ್ರ ಹ್ಯಾಂಗ?" ಎಂದ.

"ಬರ್ಲಿ. ಉಂಡು ಹೋಗ್ಲಿ."

ಆ ಸಂಜೆ ಕೂಸಿಗೆ ಕಲಿಸಿದೆವು. ಚಡ್ಡಿ ಇಳಿಸುವುದು, ಏರಿಸುವುದು ಅದಕ್ಕೆ ಕೂಡಲೇ ಬಂತು. ಇಲಾಸ್ಟಿಕ್ ಎಳೆದು ಬಿಟ್ಟರೆ ಫಟ್ಟೆಂದು ಸಪ್ಪಳವಾಗುತ್ತದೆಂದು ಗೊತ್ತಾಗಿ ಅದನ್ನೇ ಮಾಡುತ್ತ ಮನೆಯೆಲ್ಲ ತಿರುಗಿತು. ಬಾಯಿಂದ ಹೇಳುವುದು ಮಾತ್ರ ಬರಲೊಲ್ಲದು. ನೀರು ಕುಡಿಸಿ ಕುಡಿಸಿ ಕಾದೆವು. ಒಂದಕ್ಕೆ ಬಂತು. ಕೂಸು ನನ್ನ ಮುಂದೆ ಬಂದು ಹೊಟ್ಟೆ ಮುಂದೆ ಮಾಡಿತು.

"ಏನು?" ಎಂದೆ.

ಹೊಟ್ಟೆ ಇನ್ನಷ್ಟು ಮುಂದೆ ಬಂತು.

"ನನಗ ಏನೂ ತಿಳಿವಲ್ದು. ಬಾಯಿ ಐತಿ, ಬಾಯಿಲೆ ಹೇಳು."

ಅದು ನನ್ನನ್ನು ಬಿಟ್ಟು ತಾಯಿಯ ಕಡೆ ನಡೆಯಿತು. ಸೊಸೆ ಗವಸು ಕೆಳಗಿಟ್ಟು ಆಗಲೇ ಏಳುತ್ತಿದ್ದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಆ ಹೊತ್ತಿನಲ್ಲಿ ಕೂಸು ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಹುಟ್ಟಿದಂದಿನಿಂದ ತನ್ನ ಮಾತು ತಿಳಿಯುತ್ತಿದ್ದ ಮನೆಗೆ ಇದ್ದಕ್ಕಿದ್ದ ಹಾಗೆ ಅದು ತಿಳಿಯದೆ ಹೋಗಿತ್ತು. ಸೊಸೆ ನನ್ನ ಕೈಯೊಳಗಿನ ಕೈಯನ್ನು ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಗಾದಿ ಹೊಲಿಯುವ ಕೈ, ಹಿಡಿದರೆ ಹಿಡಿದೇ.

"ಒಂದಕ್ಕ!" ಎಂದು ಕಿರುಚಿತು ಕೂಸು.

ಅಂಗಡಿಯಲ್ಲಿ ತಲೆದಿಂಬು ನೋಡುತ್ತಿದ್ದ ಗಿರಾಕಿ ಬೆಚ್ಚಿ ದಿಂಬು ಕೆಳಗೆ ಹಾಕಿದ. ಕೂಸು ಹಿತ್ತಲಿಗೆ ಓಡಿತು. ತಿರುಗಿ ಬಂದು ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟು ಅಪ್ಪನ ತೊಡೆಯ ಮೇಲೆ ಕೂತಿತು.

ಶುಕ್ರವಾರ ಕೂಸನ್ನು ಶಾಲೆಗೆ ಬಿಟ್ಟು ಬರುವುದಕ್ಕೂ ಮುಂಡರಗಿಯ ಬೀಗರು ಬರುವುದಕ್ಕೂ ಸರಿಯಾಯಿತು. ಕೂಸು ಬಸ್ಸಿನಲ್ಲಿ ತಿನ್ನಲಿ ಎಂದು ಪೇರಲ ಹಣ್ಣು ತಂದಿದ್ದರು. ಚೀಲ ಕೆಳಗಿಟ್ಟು ಸುತ್ತ ನೋಡಿದರು.

"ಕೂಸು ಎಲ್ರೀ, ಬೀಗ್ತೇರ?"

"ಶಾಲ್ಯಾಗ."

"ಅಲ್ರೀ, ಅವರು ಒಲ್ಲೆ ಅಂದ್ರು ಅಂತ ಫೋನ್ ಬಂದಿತ್ತು?"

"ಇವತ್ತೊಂದ್ ದಿನ ನೋಡ್ತಾರ. ಒಂದ್ ಗಂಟಿ ಮಟ ತಡೀರಿ."

ಬೀಗರು ಚಾ ಕುಡಿದು ವಿಚಾರ ಮಾಡಿದರು. "ಒಂದ್ ವ್ಯಾಳೆ ಇವತ್ತೂ ಚಡ್ಡಿ ಒದ್ದಿ ಮಾಡ್ಕೊಂಡು ಬಂದ್ರ ನಾ ಕರ್ಕೊಂಡು ಹೋಗೂದು ಖರೆ ಏನ್ರಿ? ಆಮ್ಯಾಲ ಮತ್ತೊಂದ್ ಹೇಳಬ್ಯಾಡ್ರಿ. ಮನ್ಯಾಗ ಅದರ ಅಜ್ಜಿ ಹಾಸಿಗಿ ಹಾಸಿ ಇಟ್ಟಾಳ."

"ಖರೆ," ಎಂದೆ. ಇನ್ನೇನು ಹೇಳಲಿ?

ಮಶೀನು ಓಡುತ್ತಿತ್ತು. ನಾನು ತಲೆದಿಂಬು ಹೊಲಿಯುತ್ತ ಕೂತೆ. ನನಗೆ ಅಂಜಿಕೆ ಇರಲಿಲ್ಲ. ಒಂದು ದಿಂಬಿನ ಬಾಯಿ ಪೂರ್ತಿ ಹೊಲಿದು ದಾರ ಕಡಿದ ಮೇಲೆ ನೋಡಿದರೆ ಒಳಗೆ ಅರಳೆಯೇ ತುಂಬಿರಲಿಲ್ಲ. ಸೊಸೆ ನೋಡಿ ನಕ್ಕಳು. ನಾನು ನಗಲಿಲ್ಲ, ಹೊಲಿಗೆ ಬಿಚ್ಚತೊಡಗಿದೆ.

ಒಂದು ಆಗುತ್ತ ಬಂತು. ಜುಮ್ಮಾ ನಮಾಜಿನ ಹೊತ್ತು. ಮಗ ಮಶೀನು ನಿಲ್ಲಿಸಿ ಕೈಕಾಲು ತೊಳೆದು ಟೊಪ್ಪಿಗೆ ಹಾಕಿಕೊಂಡ, ಬೀಗರೂ ಹಾಕಿಕೊಂಡರು. ಇಬ್ಬರೂ ಬಾಗಿಲು ದಾಟಲಿಲ್ಲ. ಹೋಗಿರಿ, ಹೊತ್ತಾಗುತ್ತದೆ ಎಂದೆ. ಹೊರಟೆವು ಎಂದರು, ಅಲ್ಲೇ ನಿಂತರು. ಸೊಸೆ ನೆಲಕ್ಕೆ ನೀರು ಹೊಡೆಯುತ್ತಿದ್ದಳು. ಹೊಡೆದಲ್ಲೇ ಹೊಡೆಯುತ್ತಿದ್ದಳು.

ತಿರುವಿನಲ್ಲಿ ಆಯಾ ಕಂಡಳು. ಒಂದು ಕೈಯಲ್ಲಿ ಕೂಸು. ಇನ್ನೊಂದು ಕೈ ಖಾಲಿ.

"ಏನಂತೀ?" ಎಂದೆ ದೂರದಿಂದಲೇ.

"ಏನ್ ಹೇಳ್ಲಿ! ಎಲ್ಲಾರೂ ಕಣ್ಣು ಮುಚ್ಕೊಂಡು ಪ್ರಾರ್ಥನಾ ಮಾಡಾಕತ್ತಿದ್ರು. ಈ ನಿಮ್ಮ ಕೂಸು ನಡುವ ಎದ್ದು ನಿಂತು 'ಒಂದಕ್ಕ' ಅಂತ ಒದರೇತಿ ನೋಡ್ರಿ, ಅಕ್ಕೋರು ಪ್ರಾರ್ಥನಾನ ಮರತ್ರು! ತಾನ ಹೋಗಿ, ತಾನ ಬಂದು ಕುಂತೈತಿ. ಅಲ್ಲಿಂದ ಹಿಡದು ಹೋಗಿದ್ದ ಹೋಗಿದ್ದು. ಬಂದದ್ದಕ್ಕಲ್ರಿ, ಬರ್ತೈತಿ ಅಂತ ತೋರ್ಸಾಕ. ನನ್ನ ಕಾಲು ನೋವು ಹತ್ಯಾವು."

"ಮತ್ತ ಅಕ್ಕೋರು?"

"ನಾಳೆ ಬೆಳಗಿನ ಶಾಲಿ ಐತಿ, ಜಲ್ದಿ ಎಬ್ಬಸ್ರಿ ಅಂತ ಹೇಳ್ಯಾರ."

ಸೊಸೆ ಕೊಡ ಅಲ್ಲೇ ಬಿಟ್ಟು ಓಡಿ ಹೋಗಿ ಕೂಸನ್ನು ಎತ್ತಿಕೊಂಡಳು. ಮಗ, ಬೀಗರು ಇಬ್ಬರೂ ಒಂದೇ ಸಲ ಮೆಟ್ಟಿಲಿಳಿದು ಮಸೀದಿಯ ಕಡೆಗೆ ಓಡುವ ಹಾಗೆ ನಡೆದರು. ತಡವಾಗಿತ್ತು.

ಬೀಗರು ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟರು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೇರಲ ಹಣ್ಣು ಒಡೆದು ಒಂದೊಂದೇ ಹೋಳು ತಿನ್ನಿಸಿದರು, ಬೀಜ ತೆಗೆದು. ಎಲ್ಲ ಮುಗಿಯುವವರೆಗೆ ಏಳಲಿಲ್ಲ. ಹೋಗುವಾಗ, "ಸೂಟಿಗರ ಕಳಸ್ರಿ, ಬೀಗ್ತೇರ. ಅದರ ಅಜ್ಜಿಗೆ ಏನ್ ಹೇಳೂದು ನಾ ಈಗ?" ಎಂದರು.

"ಸೂಟಿಗೆ ನಾನ ಕರ್ಕೊಂಡು ಬರ್ತೀನಿ. ನಾಲ್ಕು ದಿನ ಇದ್ದೂ ಬರ್ತೀನಿ," ಎಂದೆ. ಆ ಮಾತು ನಡೆಸಿದೆ ಕೂಡ. ಆ ಮನೆಯಲ್ಲಿ ಹಾಸಿಟ್ಟ ಹಾಸಿಗೆಯ ಸಂಗತಿ ಕೇಳಿದ ಮೇಲೆ ಅಷ್ಟಾದರೂ ಮಾಡಬೇಕಾಗಿತ್ತು.

ಮರುದಿನ ಶನಿವಾರ, ಬೆಳಗಿನ ಶಾಲೆ. ಕೂಸನ್ನು ನಾನೇ ಎಬ್ಬಿಸಿ, ಮುಖ ತೊಳೆಸಿ, ಹಾಲಿನಲ್ಲಿ ರೊಟ್ಟಿ ಕಲೆಸಿ ಮುಂದಿಟ್ಟೆ. ಆಯಾ ಬಂದಳು. ಇಬ್ಬರೂ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಸೆರಗನ್ನು ಮೂಗು ಬಾಯಿಗೆ ಸುತ್ತಿ ಕಟ್ಟಿಕೊಂಡು ಮಶೀನಿನ ಗುಂಡಿ ಒತ್ತಿದೆ. ಮಗ ಇನ್ನೂ ಹಾಸಿಗೆಯಲ್ಲಿದ್ದ. ಗಾಬರಿಯಾಗಿ ಎದ್ದು ಬಂದ. ಇನ್ನೊಂದು ಮಗ್ಗುಲಿನ ಮನೆಯವರು ಆಚೆಯಿಂದ ಗೋಡೆ ಬಡಿದರು. "ಏನ್ರೀ ಇದು, ಮುಂಜಾನೆದ್ದು ಒಂದ್ ಚಾ ಕುಡ್ಯಾಕೂ ಬಿಡಂಗಿಲ್ಲೇನು?"

"ಶಾಲಿ ಬಿಡೂ ಮಟ ಅಷ್ಟ!" ಎಂದು ಕೂಗಿ ಹೇಳಿ, ಮೊದಲನೆಯ ತೆಕ್ಕೆ ಹತ್ತಿಯನ್ನು ಮಶೀನಿನ ಬಾಯಿಗೆ ಕೊಟ್ಟೆ.